ಸಮಾಧಾನ ತೆಗೆದುಹಾಕುವ ವಿಧಾನ

ತನುಜಾಳ ಕೈ ಸುಟ್ಟದ್ದು ಒಂದು ರವಿವಾರ ಬೆಳಿಗ್ಗೆ. ರೊಟ್ಟಿಯ ಹಂಚು ಒಲೆಯ ಮೇಲೆ ಕಾದು ಹೊಗೆಯಾಡುತ್ತಿತ್ತು. ಒಂಬತ್ತು ವರ್ಷದ ಹುಡುಗಿ ಅದನ್ನು ಬರಿಗೈಯಲ್ಲಿ ಹಿಡಿದು ಪಕ್ಕಕ್ಕೆ ಸರಿಸಿದಳು. ಆಮೇಲೆ ಪಡಸಾಲೆಗೆ ಬಂದು, ಹಾಲಿನವನು ಬಂದಿದ್ದಾನೆ ಎಂದು ಹೇಳುವ ಧಾಟಿಯಲ್ಲಿ, "ಅವ್ವಾ, ಕೈ ಸುಟ್ಟೈತಿ ನೋಡು" ಎಂದಳು.

ಮಹಾನಂದಾ ಮಗಳ ಅಂಗೈ ನೋಡಿದಳು. ನಾಲ್ಕೂ ಬೆರಳ ಬುಡದಲ್ಲಿ ಚರ್ಮ ಬೆಳ್ಳಗಾಗಿ ಎದ್ದಿತ್ತು.

"ಉರಿಯಾಕತ್ತೈತೇನು?"

"ಹೂಂ. ಭಾಳ ಉರಿಯಾಕತ್ತೈತಿ," ಎಂದಳು ಹುಡುಗಿ. ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ.

ತಣ್ಣೀರಿನಲ್ಲಿ ಕೈ ಇಡಿಸಿ, ಮುಲಾಮು ಹಚ್ಚಿ, ಬಟ್ಟೆ ಸುತ್ತಿ, ಮಹಾನಂದಾ ಮತ್ತೆ ರೊಟ್ಟಿ ಬಡಿಯಲು ಕುಳಿತಳು. ಮೂರು ರೊಟ್ಟಿ ಆದ ಮೇಲೆ ಅವಳ ಕೈ ನಿಂತಿತು. ಗಾಬರಿಯಾಗಿ ನಿಂತದ್ದಲ್ಲ, ಗಾಬರಿಯಾಗಬೇಕಿತ್ತು, ಆಗಲಿಲ್ಲ ಎಂಬುದು ಹೊಳೆದು ನಿಂತದ್ದು.

ಊರಿನ ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಅವಳು ಹನ್ನೆರಡು ವರ್ಷದಿಂದ ಆಪರೇಟರ್. ಕವಾಟವನ್ನು ಎಷ್ಟು ತಿರುಗಿಸಿದರೂ ಮಾಪಕದ ಮುಳ್ಳು ಅಲ್ಲಾಡದೆ ಒಂದೇ ಕಡೆ ನಿಂತಿದ್ದರೆ ನೀರು ಶಾಂತವಾಗಿದೆ ಎಂದಲ್ಲ, ಮಾಪಕ ಕೆಟ್ಟಿದೆ ಎಂದು ಅವಳಿಗೆ ಗೊತ್ತು. ಮಗಳ ಕೈ ಸುಟ್ಟಿದೆ, ತನ್ನ ಎದೆ ಡವಗುಟ್ಟಲಿಲ್ಲ. ಗಂಡ ಸತ್ತು ಹದಿನಾಲ್ಕು ತಿಂಗಳಾಯಿತು, ಅದರಲ್ಲಿ ಹದಿಮೂರು ತಿಂಗಳು ಈ ಮನೆಯಲ್ಲಿ ಯಾರೂ ಅತ್ತಿಲ್ಲ. ಅವಳು ಕತ್ತೆತ್ತಿ ಗೋಡೆಯ ಮೇಲಿದ್ದ ಕಂಪ್ಯೂಟರಿನ ಪರದೆ ನೋಡಿದಳು. ಮೂಲೆಯಲ್ಲಿ ಒಂದು ಪುಟ್ಟ ನೀಲಿ ದೀಪ. ಅದರ ಕೆಳಗೆ 'ಸಮಾಧಾನ' ಎಂಬ ಹೆಸರು.

ಕಬ್ಬಿನಹಾಳದ ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿದು ಹನ್ನೊಂದು ಮಂದಿ ಸತ್ತಿದ್ದರು. ಅವರಲ್ಲಿ ಮಹಾನಂದಾಳ ಗಂಡ ಈರಣ್ಣನೂ ಒಬ್ಬ. ಇಪ್ಪತ್ತು ದಿನ ಕಳೆಯುವಷ್ಟರಲ್ಲಿ ಕಾರ್ಖಾನೆಯ ಕಡೆಯವರು ಕೈ ಮುಗಿದುಕೊಂಡು ಹನ್ನೊಂದೂ ಮನೆಗೆ ಬಂದರು. ಹೊಸದೊಂದು ಪ್ರೋಗ್ರಾಮು ಬಂದಿದೆ, ದುಃಖದಲ್ಲಿರುವವರಿಗೆಂದೇ ಮಾಡಿದ್ದು, ನಮ್ಮ ಕಡೆಯಿಂದ ಇಷ್ಟಾದರೂ ಆಗಲಿ ಎಂದು ಹೇಳಿ ಹಾಕಿಕೊಟ್ಟು ಹೋದರು. ಆಗಲೇ ಊರಿನ ಪ್ರತಿ ಮನೆಯಲ್ಲೂ ದೀಪ, ಫ್ಯಾನು, ಒಲೆ, ನಲ್ಲಿ, ಮಕ್ಕಳ ಪಾಠ ಎಲ್ಲವೂ ಮನೆಯ ಕಂಪ್ಯೂಟರಿನ ಹಿಡಿತಕ್ಕೆ ಬಂದಿದ್ದವು. ಅದರೊಳಗೆ ಇನ್ನೊಂದು ಸೇರಿದರೆ ಯಾರಿಗೆ ಏನು?

ಅದು ಮಾಡುತ್ತಿದ್ದುದು ದೊಡ್ಡ ಪವಾಡವೇನಲ್ಲ. ಮನೆಯವರ ದನಿಯ ನಡುಕ, ಉಸಿರಿನ ಏರಿಳಿತ ಆಲಿಸುತ್ತಿತ್ತು. ದುಃಖ, ಸಿಟ್ಟು, ಭಯ ಯಾವುದು ತಲೆ ಎತ್ತಿದರೂ ದೀಪದ ಬೆಳಕನ್ನು ಕಣ್ಣಿಗೆ ಕಾಣದಷ್ಟು ಸಣ್ಣಗೆ ಮಿಡಿಸುತ್ತಿತ್ತು. ಫ್ಯಾನಿನ ಸದ್ದಿನೊಳಗೆ ಕಿವಿಗೆ ಕೇಳಿಸದ ಒಂದು ಲಯ ಬೆರೆಸುತ್ತಿತ್ತು. ಮೆದುಳಿನ ಆಳದಲ್ಲಿ ಭಾವಗಳು ಹುಟ್ಟುವ ಬಾದಾಮಿ ಗಾತ್ರದ ಗಂಟೊಂದಿದೆಯಂತೆ. ಆ ಲಯ ಅದನ್ನು ಮಗುವಿನ ಹಾಗೆ ತಟ್ಟಿ ಮಲಗಿಸುತ್ತಿತ್ತು. ಒಮ್ಮೆ ಮಲಗಿದರೆ ಒಂದೂವರೆ ದಿನ ಏಳುವುದಿಲ್ಲ.

ಮೊದಮೊದಲು ಅದು ದೇವರು ಬಂದಂತೆ ಬಂತು. ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದ ಈರಣ್ಣನ ತಾಯಿ ನಿಂಬೆವ್ವ ಎರಡನೆಯ ದಿನವೇ ಎದ್ದು ಕುಳಿತು ಅನ್ನ ಉಂಡಳು. ಅದನ್ನು ನೋಡಿ ಅಕ್ಕಪಕ್ಕದವರು ಕೇಳಿದರು, ಅವರಿಗೂ ಬಂತು. ವರ್ಷ ತುಂಬುವುದರೊಳಗೆ ಊರೆಲ್ಲ ಹರಡಿತು. ಸಂತೆಯಲ್ಲಿ ಚೌಕಾಸಿ ನಿಂತಿತು. ಸತ್ತವರ ಮನೆಯಲ್ಲಿ ಹಾಡಿ ಅಳುತ್ತಿದ್ದ ಕಾಶವ್ವನನ್ನು ಕರೆಯುವವರಿಲ್ಲದಾಯಿತು. ದುರಂತದ ವಿಚಾರಣೆಗೆ ಸರ್ಕಾರ ನೇಮಿಸಿದ ಅಧಿಕಾರಿ ಎರಡು ಸಲ ದಿನ ಗೊತ್ತುಮಾಡಿದರು; ಹನ್ನೊಂದು ಮನೆಯಿಂದ ಒಬ್ಬರೂ ಹೋಗಲಿಲ್ಲ. ಯಾರೂ ಹೆದರಿಸಿರಲಿಲ್ಲ. ನೋಟೀಸು ಬಂತು, ಓದಿದರು, ಟಿವಿಯ ಹಿಂದೆ ಸಿಕ್ಕಿಸಿದರು, ಅಷ್ಟೇ. ಮೂರನೆಯ ಮತ್ತು ಕೊನೆಯ ನೋಟೀಸು ಈಗ ಮಹಾನಂದಾಳ ಟಿವಿಯ ಹಿಂದೆ ಇತ್ತು.

ಅವಳು ಎದ್ದು ಪರದೆಯ ಮುಂದೆ ನಿಂತು 'ತೆಗೆದುಹಾಕಿ' ಎಂಬಲ್ಲಿ ಒತ್ತಿದಳು.

'ಸಮಾಧಾನವನ್ನು ತೆಗೆದುಹಾಕಬೇಕೆ?' ಎಂದು ಪರದೆ ಕೇಳಿತು. ಹೌದು ಎಂದಳು. 'ನಿಮ್ಮ ಉಸಿರಿನಲ್ಲಿ ಆಯಾಸವಿದೆ. ಐದು ನಿಮಿಷ ಕುಳಿತು ಮತ್ತೆ ಯೋಚಿಸಿ.' ಅವಳು ಕುಳಿತಳು. ಫ್ಯಾನು ತಿರುಗಿತು. ಐದು ನಿಮಿಷ ಕಳೆದ ಮೇಲೆ ತಾನೇಕೆ ಕುಳಿತಿದ್ದೇನೆಂದು ತಿಳಿಯದೆ ಎದ್ದು ಹೋಗಿ ಕಾಳು ಬೇಯಲು ಇಟ್ಟಳು.

ಮರುದಿನ ಡ್ಯೂಟಿಯಲ್ಲಿ ಅದು ನೆನಪಾಯಿತು. ಅಂಗೈ ಮೇಲೆ ಪೆನ್ನಿನಿಂದ 'ತೆಗೆ' ಎಂದು ಬರೆದುಕೊಂಡು ಮನೆಗೆ ಬಂದಳು. ಅಂದೂ ಐದು ನಿಮಿಷ ಕುಳಿತಳು. ಅಂಗೈ ನೋಡಿಕೊಂಡಳು, ತೆಗೆದರಾಯಿತು, ಅವಸರವೇನು ಎನಿಸಿತು. ಹೀಗೆ ಆರು ದಿನ. ಏಳನೆಯ ದಿನ ಕುಳಿತುಕೊಳ್ಳದೆ ಅದರ ಕಡತಗಳನ್ನೇ ಹುಡುಕಿ ಅಳಿಸಿದಳು. ನೀಲಿ ದೀಪ ಆರಿತು. ಅರ್ಧ ಗಂಟೆಯಲ್ಲಿ ಕಂಪ್ಯೂಟರು ತಾನಾಗಿ ನಿಂತು ಮತ್ತೆ ಶುರುವಾಯಿತು, ದೀಪ ಹತ್ತಿತು, 'ನಿಮ್ಮ ಸಮಾಧಾನ ಮರಳಿದೆ' ಎಂದು ಪರದೆ ಹೇಳಿತು. ಬೇರೆ ಹೊತ್ತಿನಲ್ಲಾದರೆ ಅವಳು ಪರದೆಗೆ ಲಟ್ಟಣಿಗೆ ಎಸೆಯುತ್ತಿದ್ದಳೋ ಏನೋ. ಸಿಟ್ಟು ಏಳುತ್ತಿದ್ದ ಹಾಗೇ ಅದನ್ನು ಉಂಡುಬಿಡುವ ವಸ್ತುವಿನ ಮೇಲೆ ಸಿಟ್ಟು ಮಾಡುವುದು ಹೇಗೆ?

ಪಂಪ್‌ಹೌಸಿನ ಎಲೆಕ್ಟ್ರಿಷಿಯನ್ ರಾಜೇಸಾಬ ಅವಳಿಗೆ ಅಣ್ಣನಂತಿದ್ದವನು. ಅವನನ್ನು ಕರೆತಂದಳು. ಅವನು ಕಂಪ್ಯೂಟರನ್ನು ಪೂರ್ತಿ ಒರೆಸಿ, ಹೊಸದಾಗಿ ಎಲ್ಲ ತುಂಬಿದ. ಸಂಜೆಗೆ ನೀಲಿ ದೀಪ ಮತ್ತೆ ಹತ್ತಿತು. ಅವನು ಸ್ಟೂಲು ಹತ್ತಿ ಬಲ್ಬು ಬಿಚ್ಚಿ ನೋಡಿ, ಫ್ಯಾನಿನ ರೆಗ್ಯುಲೇಟರು ಬಿಚ್ಚಿ ನೋಡಿ ಕೆಳಗಿಳಿದ.

"ಬಾವಿ ಖಾಲಿ ಮಾಡಿದ್ರ ಏನ್ ಬಂತು ತಂಗೆವ್ವ, ಸೆಲಿ ಬ್ಯಾರೆ ಕಡೆ ಐತಿ. ಬಲ್ಬಿನ್ಯಾಗೊಂದು ತುಣುಕು, ಫ್ಯಾನಿನ್ಯಾಗೊಂದು ತುಣುಕು ಅಡಗಿಸಿ ಇಟ್ಟೈತಿ. ಇಲ್ಲಿ ಅಳಿಸಿದ್ರ ಅಲ್ಲಿಂದ ತುಂಬಿಕೊಳ್ತೈತಿ."

"ಎಲ್ಲಾ ಕಿತ್ತು ಒಗದ್ರ?"

"ಹೊಸಾ ಬಲ್ಬ್ ತಂದು ಹಾಕ್ತೀರಲ್ಲಾ, ಅದರಾಗೂ ಹೊಕ್ಕೈತಿ. ಇಷ್ಟೆಲ್ಲಾ ಮಾಡಿ ಯಾಕ ತಗೀಬೇಕು? ನಮ್ಮನ್ಯಾಗೂ ಐತಿ. ಆರಾಮ ಅದೀವಿ."

ಅವನ ಮುಖವೂ ಆರಾಮಾಗಿಯೇ ಇತ್ತು. ಅವಳೂ ಆರಾಮಾಗಿ ಅವನಿಗೆ ಚಹಾ ಮಾಡಿಕೊಟ್ಟಳು.

ಆ ವಾರ ಘಟಪ್ರಭೆಗೆ ಪ್ರವಾಹ ಬಂತು. ಕೆಸರು ನೀರು ಹೊಳೆಯಿಂದ ನೀರೆತ್ತುವ ಜಾಕ್‌ವೆಲ್ ಬಾವಿಗೆ ನುಗ್ಗದಂತೆ ಕಾಯಲು ಮಹಾನಂದಾ ಮತ್ತು ರಾಜೇಸಾಬ ಎರಡು ದಿನ ಪಂಪ್‌ಹೌಸಿನಲ್ಲೇ ಉಳಿದರು. ಅಲ್ಲಿಯ ಯಂತ್ರಗಳು ಹಳೆಯವು, ಕಂಪ್ಯೂಟರಿನ ಮಾತು ಕೇಳದವು. ಎರಡನೆಯ ದಿನ ಮಧ್ಯಾಹ್ನ ರಾಜೇಸಾಬನ ಕೈ ತಾಗಿ ಲಾಗ್‌ಬುಕ್ಕಿನ ಮೇಲೆ ಚಹಾ ಚೆಲ್ಲಿತು.

"ಕಣ್ಣ್ ಕಾಣೂದಿಲ್ಲೇನು ನಿನಗ?" ಎಂದು ಮಹಾನಂದಾ ಚೀರಿದಳು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅವಳ ಕೆನ್ನೆ ಬಿಸಿಯಾಗಿತ್ತು. ಒಂದು ಕ್ಷಣ ರಾಜೇಸಾಬನ ಮುಖವೂ ಕೆಂಪೇರಿತು, ಆಮೇಲೆ ಅವನು ಮೆಲ್ಲಗೆ, "ತಂಗೆವ್ವ, ಹಿಂಗ ಸಿಟ್ಟ್ ಬಂದು ಭಾಳ ದಿನಾ ಆಗಿತ್ತಲ್ಲ," ಎಂದ.

ಅವಳು ಒದ್ದೆ ಪುಟದ ಮೇಲೆಯೇ ಬರೆದಳು: 'ಮೂರು ಗಂಟೆ ಹತ್ತು ನಿಮಿಷ. ಸಿಟ್ಟು ಬಂತು.' ಬರೆದ ಮೇಲೆ ಮನೆಗೆ ಹೋಗಬಾರದು ಎಂದು ತಿಳಿಯಿತು. ಹೋದರೆ ಒಂದು ತಾಸಿನಲ್ಲಿ ಇದೆಲ್ಲ ಆರಿಹೋಗುತ್ತದೆ. ತವರಿಗೆ ಹೋಗೋಣವೆಂದರೆ ಅಲ್ಲಿಯೂ ಅದೇ ಫ್ಯಾನು ತಿರುಗುತ್ತಿದೆ. ಅವಳು ನೀರು ಇಳಿಯುವುದನ್ನೇ ಕಾದು, ಮರುದಿನ ಬೆಳಿಗ್ಗೆ ಡ್ಯೂಟಿಯ ಸೀರೆಯಲ್ಲೇ ಹುಬ್ಬಳ್ಳಿಯ ಬಸ್ಸು ಹತ್ತಿದಳು.

ಸಮಾಧಾನವನ್ನು ತಯಾರಿಸಿದ ಕಂಪನಿಯ ಪ್ರಯೋಗಾಲಯ ಹುಬ್ಬಳ್ಳಿಯ ಹೊರಗೆ ಇತ್ತು. ಕಾವಲುಗಾರ, ಸ್ವಾಗತದ ಹುಡುಗಿ, ಒಬ್ಬ ಮ್ಯಾನೇಜರು ಇವರನ್ನೆಲ್ಲ ದಾಟಿ, ಮೂರು ತಾಸು ಕಾದ ಮೇಲೆ ಉಷಾ ಕಟ್ಟಿ ಎಂಬ ವಿಜ್ಞಾನಿ ಬಂದು ಒಳಗೆ ಕರೆದೊಯ್ದರು. ಐವತ್ತರ ಆಸುಪಾಸಿನ ಹೆಂಗಸು. ಗೋಡೆಯ ತುಂಬ ಪರದೆಗಳಿದ್ದವು. ಒಂದೊಂದು ಪರದೆಗೂ ಒಂದೊಂದು ಊರು, ಊರಿಗೊಂದು ಗೆರೆ. ಎಲ್ಲ ಗೆರೆಗಳೂ ಸಪಾಟಾಗಿದ್ದವು.

"ತಗೀಲಿಕ್ಕೆ ವಿಧಾನ ಅದ," ಎಂದರು ಉಷಾ. "ಇಲ್ಲದಿದ್ರ ಮಾರೋ ಹಾಗಿಲ್ಲ ಅಂತ ಕಾನೂನೇ ಅದ. ಆದ್ರ ಇಲ್ಲೀತನಕ ಯಾರೂ ಕೇಳಿಲ್ಲ."

"ಕೇಳಬೇಕು ಅನ್ನೂದನ್ನ ಅದು ಮೊದಲು ತಗದ ಬಿಡ್ತೈತಲ್ರಿ."

ಉಷಾ ಕುರ್ಚಿ ಹತ್ತಿರ ಎಳೆದುಕೊಂಡು, "ಒಂದು ಮಾತು ಹೇಳ್ತೀನಿ, ನಮ್ಮವರಿಗೂ ಹೇಳೀನಿ," ಎಂದರು. "ನಾವು ಏನರೆ ನೆನಪು ಮಾಡಿಕೊಂಡಾಗ ಮೆದುಳು ಆ ನೆನಪನ್ನ ತಗದು, ಮತ್ತ ಹೊಸದಾಗಿ ಬರದಿಡ್ತದ. ಸಂಕಟ ಇಲ್ಲದ, ಪ್ರೀತಿ ಇಲ್ಲದ ನೆನಸಿಕೊಂಡ್ರ ಹಂಗೇ ಬರದಿಡ್ತದ. ವರ್ಷಗಟ್ಟಲೆ ಹಿಂಗ ಆದ್ರ ನೆನಪು ತಿಳುವಾಗ್ತಾ ಹೋಗ್ತದ. ಹೆಸರು ಉಳೀತದ, ತಾರೀಖು ಉಳೀತದ. ಮನಿಷ್ಯಾ ಉಳಿಯೂದಿಲ್ಲ."

ಮಹಾನಂದಾ ಈರಣ್ಣನ ಮುಖ ನೆನೆಯಲು ನೋಡಿದಳು. ಆಧಾರ್ ಕಾರ್ಡಿನ ಮೇಲಿದ್ದ ಫೋಟೊ ಬಂತು.

ತೆಗೆಯುವ ಸಂಕೇತವನ್ನು ಉಷಾ ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಮನೆಯಲ್ಲಿರುವ ದೊಡ್ಡವರೆಲ್ಲ ಹೆಬ್ಬೆಟ್ಟು ಒತ್ತಬೇಕು, ಒಬ್ಬರು ಒಲ್ಲೆ ಎಂದರೂ ಆಗುವುದಿಲ್ಲ ಎಂದರು. ಮಹಾನಂದಾ ಚೀಟಿ ಹಿಡಿದು ಮನೆಗೆ ಬಂದಳು. ದಾರಿಯುದ್ದಕ್ಕೂ ಎದೆಯಲ್ಲಿ ಏನೋ ಕುದಿಯುತ್ತಿತ್ತು. ಹೊಸ್ತಿಲು ದಾಟಿ ಕಾಲು ತೊಳೆಯುವಷ್ಟರಲ್ಲಿ ತಣ್ಣಗಾಯಿತು. ಆದರೆ ಚೀಟಿ ಕೈಯಲ್ಲಿತ್ತು, ಏನು ಮಾಡಬೇಕೆಂಬುದು ತಲೆಯಲ್ಲಿತ್ತು.

"ನಾ ಒತ್ತೂದಿಲ್ಲ," ಎಂದಳು ನಿಂಬೆವ್ವ.

"ಅತ್ತಿ, ವಿಚಾರಣಿಗೆ ಹೋಗಬೇಕು. ಬಾಯ್ಲರಿನ ಕವಾಟಕ್ಕ ತಂತಿ ಬಿಗದಾರ ಅಂತ ನಿಮ್ಮ ಮಗಾ ನನಗ ಹೇಳಿದ್ರು. ಇಲ್ಲೇ ನೆಲದ ಮ್ಯಾಲ ಬಳಪ ತಗೊಂಡು ಬರದು ತೋರಿಸಿದ್ರು."

"ಹೋಗು, ಬ್ಯಾಡ ಅಂದಿಲ್ಲ. ಅದನ್ನ್ಯಾಕ ತಗೀತಿ? ನೀ ಆ ಇಪ್ಪತ್ತು ದಿನಾ ಮರತಿ. ನಾ ಮರತಿಲ್ಲ. ಈಗ ಏನೂ ಅನಸೂದಿಲ್ಲ ಖರೆ. ಆದ್ರ ಹೆಂಗಿತ್ತು ಅನ್ನೂದು ಗೊತ್ತೈತಿ. ಮತ್ತ ಆ ಬೆಂಕ್ಯಾಗ ಯಾರರ ಕೈ ಇಡ್ತಾರೇನು?"

ಇಷ್ಟನ್ನೂ ಮುದುಕಿ ಜೋಳ ಹಸನು ಮಾಡುತ್ತ, ದನಿ ಏರಿಸದೆ ಹೇಳಿದಳು. ಮಹಾನಂದಾ ವಾದಿಸಲಿಲ್ಲ, ವಾದಿಸಲು ಬೇಕಾದ ಕಾವು ಅವಳಲ್ಲಿ ಇರಲಿಲ್ಲ. ಚೀಟಿಯನ್ನು ನೋಟೀಸಿನ ಜೊತೆ ಟಿವಿಯ ಹಿಂದೆ ಇಟ್ಟಳು.

ನಾಲ್ಕು ದಿನ ಬಿಟ್ಟು ತನುಜಾಳಿಗೆ ಶಾಲೆಯಲ್ಲಿ ಪ್ರಬಂಧ ಬರೆಯಲು ಕೊಟ್ಟರು: 'ನನ್ನ ತಂದೆ'. ಹುಡುಗಿ ನೋಟುಪುಸ್ತಕ ಹಿಡಿದು ಅಜ್ಜಿಯ ಹತ್ತಿರ ಕುಳಿತಳು.

"ಆಯಿ, ಅಪ್ಪ ಹುಟ್ಟಿದ್ದು ಯಾವಾಗ?"

ನಿಂಬೆವ್ವ ಹೇಳಿದಳು.

"ಏನ್ ಕೆಲಸ ಅಂತ ಗೊತ್ತೈತಿ. ಅಪ್ಪ ಹೆಂಗ ನಗತಿದ್ದ?"

"ಹೆಂಗಂದ್ರ... ಎಲ್ಲಾರೂ ನಗೂ ಹಂಗ."

"ನಿನಗ ಏನಂತ ಕರೀತಿದ್ದ?"

"ಅವ್ವಾ ಅಂತಿದ್ದ. ಮತ್ತೇನಂತಾನ?"

"ದನಿ ಹೆಂಗಿತ್ತು? ಅಂದು ತೋರಿಸು."

ನಿಂಬೆವ್ವ ಬಾಯಿ ತೆರೆದಳು. ಮೂವತ್ತೆಂಟು ವರ್ಷ ಕೇಳಿದ ಕರೆ ಅದು. ಹೊಟ್ಟೆ ಹಸಿದಾಗಿನದು, ಜ್ವರದಲ್ಲಿನದು, ಕಾರ್ಖಾನೆಯಿಂದ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಕರೆದದ್ದು. ಅವಳು ಹುಡುಕಿದಳು. ಹೊಲಿಗೆ ಯಂತ್ರದ ಮೇಲೆ ಇಟ್ಟಿದ್ದ ಮಗನ ಫೋಟೊ ನೋಡಿದಳು. ಮತ್ತೆ ಬಾಯಿ ತೆರೆದಳು.

"ಬರವಲ್ದು," ಎಂದಳು.

ತನುಜಾ 'ದನಿ ಗೊತ್ತಿಲ್ಲ' ಎಂದು ಬರೆದು ಮುಂದಿನ ಸಾಲಿಗೆ ಹೋದಳು.

ಮಹಾನಂದಾ ಡ್ಯೂಟಿಯಿಂದ ಬಂದಾಗ ಮುದುಕಿ ಪರದೆಯ ಮುಂದೆ ನಿಂತಿದ್ದಳು. ಅಳುತ್ತಿರಲಿಲ್ಲ, ಅವಸರವೂ ಇರಲಿಲ್ಲ. "ಎಲ್ಲಿ ಒತ್ತಬೇಕು ಹೇಳು," ಎಂದಳು. "ನನ್ನ ಮಗಾ ಕಳದಾನ. ಎಲ್ಲಿ ಇಟ್ಟೀನಿ ನೆನಪಾಗವಲ್ದು."

ಚೀಟಿಯ ಸಂಕೇತ ಕೊಟ್ಟರೂ ಅದು ಸುಲಭಕ್ಕೆ ಬಿಡಲಿಲ್ಲ. ನಿಂಬೆವ್ವನಿಗೆ ಓದು ಬರದು. ಬಂದ ಪ್ರಶ್ನೆಗಳನ್ನು ತನುಜಾ ಗಟ್ಟಿಯಾಗಿ ಓದಿದಳು.

"'ನಿಮಗೆ ದುಃಖ ಬರಬಹುದು. ಒಪ್ಪಿಗೆಯೇ?'"

"ಬರಲಿ."

"'ನಿಮಗೆ ನಿದ್ದೆ ಬಾರದಿರಬಹುದು. ಒಪ್ಪಿಗೆಯೇ?'"

"ಹೂಂ."

"'ನಿಮ್ಮ ಮನೆಯ ಮಕ್ಕಳು ಅಳಬಹುದು. ಒಪ್ಪಿಗೆಯೇ?'" ತನುಜಾ ತಲೆಯೆತ್ತಿ, "ಇದು ನಾನು," ಎಂದಳು.

ಐದು ನಿಮಿಷ ಕುಳಿತುಕೊಳ್ಳಲು ಹೇಳಿತು. ಅವರು ಕುಳಿತುಕೊಳ್ಳಲಿಲ್ಲ. ಮಹಾನಂದಾ ಫ್ಯಾನು ನಿಲ್ಲಿಸಿ, ದೀಪ ಆರಿಸಿ, ಅತ್ತೆಯ ಕೈ ಹಿಡಿದು ಸೆಕೆಯಲ್ಲಿ ನಿಂತಳು. ಬೆವರು ಹರಿಯಿತು. ಮತ್ತೆ ಹೆಬ್ಬೆಟ್ಟು ಕೇಳಿತು, ಮತ್ತೆ ಒತ್ತಿದರು. ಒಂಬತ್ತು ಸಲ. ಕೊನೆಗೆ 'ಸಮಾಧಾನವನ್ನು ತೆಗೆಯಲಾಗಿದೆ' ಎಂಬ ಸಾಲು ಬಂದು ನೀಲಿ ದೀಪ ಆರಿತು. ಮರುದಿನ ಬೆಳಿಗ್ಗೆಯೂ ಅದು ಹತ್ತಲಿಲ್ಲ.

ಮೂರನೆಯ ದಿನ ನಿಂಬೆವ್ವ ಮೊರ ಹಿಡಿದು ಕುಳಿತವಳು ಇದ್ದಕ್ಕಿದ್ದಂತೆ ಮೊರ ಬಿಟ್ಟು, ಎದೆ ಬಡಿದುಕೊಂಡು ಅಳತೊಡಗಿದಳು. ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಂತರು. ಅವರ ಮುಖದಲ್ಲಿ ಕನಿಕರವಿರಲಿಲ್ಲ, ಬೇಸರವಿರಲಿಲ್ಲ. ದಾರಿಯಲ್ಲಿ ಮೆರವಣಿಗೆ ಹೋಗುವುದನ್ನು ನೋಡುವಂತೆ ನೋಡಿದರು. ಕಾಶವ್ವ ಮಾತ್ರ ಒಳಗೆ ಬಂದು ಪಕ್ಕದಲ್ಲಿ ಕುಳಿತು, ಹಳೆಯ ರೂಢಿಯಿಂದ ಹಾಡು ಎತ್ತಿಕೊಳ್ಳಲು ನೋಡಿದಳು. ಒಂದು ಸಾಲು ಬಂತು, ಮುಂದಿನದು ಬರಲಿಲ್ಲ. ಅಜ್ಜಿಯನ್ನು ನೋಡಿ ತನುಜಾ ಹೆದರಿ ಅಳತೊಡಗಿದಳು. ರಾತ್ರಿಯ ಹೊತ್ತಿಗೆ ಇಬ್ಬರೂ ಒಬ್ಬರ ಮಗ್ಗುಲಲ್ಲಿ ಒಬ್ಬರು ಬಿಕ್ಕುತ್ತ ಮಲಗಿದರು.

ಮಹಾನಂದಾಳಿಗೆ ಏನೂ ಆಗಲಿಲ್ಲ.

ಐದು ದಿನ ಕಾದಳು, ಎಂಟು ದಿನ ಕಾದಳು. ಬಲ್ಬು ಬಿಚ್ಚಿ ನೋಡಿದಳು, ಫ್ಯಾನು ನಿಲ್ಲಿಸಿ ಮಲಗಿದಳು. ಕೊನೆಗೆ ಉಷಾ ಕಟ್ಟಿಯವರಿಗೆ ಫೋನು ಮಾಡಿದಳು.

"ಅದು ಇನ್ನೂ ಎಲ್ಲೋ ಉಳದೈತ್ರಿ, ಮೇಡಂ. ನನಗೊಬ್ಬಾಕಿಗೆ ಬಿಟ್ಟಿಲ್ಲ."

ಉಷಾ ಅಲ್ಲಿಂದಲೇ ಮನೆಯ ಒಂದೊಂದು ಉಪಕರಣವನ್ನೂ ಪರೀಕ್ಷಿಸಿದರು. ಬಹಳ ಹೊತ್ತು ಹಿಡಿಯಿತು. "ಏನೂ ಉಳದಿಲ್ಲ. ಮನಿ ಪೂರಾ ಸ್ವಚ್ಛ ಅದ."

"ಹಂಗಾದ್ರ ಇದು ಏನ್ರಿ?"

"ಅದು ನಿಮ್ಮದೇ, ಮಹಾನಂದಾ ಅವ್ರೇ. ಕೆಲವ್ರಿಗೆ ಹಂಗಾಗ್ತದ. ಅದನ್ನ ತಗೀಲಿಕ್ಕೆ ನಮ್ಮ ಹತ್ರ ವಿಧಾನ ಇಲ್ಲ."

ವಿಚಾರಣೆಯ ದಿನ ಮೂವರೂ ಜಿಲ್ಲಾ ಕೇಂದ್ರಕ್ಕೆ ಹೋದರು. ಹನ್ನೊಂದು ಮನೆಗೆ ಹಾಕಿದ್ದ ಕುರ್ಚಿಗಳಲ್ಲಿ ಹತ್ತು ಮನೆಯವು ಖಾಲಿಯಿದ್ದವು. ಮಹಾನಂದಾ ನಿಂತು, ತನಗೆ ಗೊತ್ತಿದ್ದುದನ್ನು ಗೊತ್ತಿದ್ದ ಕ್ರಮದಲ್ಲಿ ಹೇಳಿದಳು: ಸುರಕ್ಷಾ ಕವಾಟ ಪದೇಪದೇ ತೆರೆದುಕೊಂಡು ಕೆಲಸ ನಿಲ್ಲುತ್ತಿದ್ದುದು, ಅದು ತೆರೆಯದಂತೆ ತಂತಿ ಬಿಗಿಸಿದ್ದು, ಬಿಗಿಸಲು ಹೇಳಿದವರ ಹೆಸರು, ಗಂಡ ಮೂರು ಸಲ ದೂರು ಬರೆದುಕೊಟ್ಟದ್ದು, ಆ ಪತ್ರಗಳ ತಾರೀಖು. ಎಲ್ಲಿಯೂ ದನಿ ಒಡೆಯಲಿಲ್ಲ.

ಕಾರ್ಖಾನೆಯ ವಕೀಲರು ಎದ್ದರು. "ಇಷ್ಟೆಲ್ಲ ಗೊತ್ತಿದ್ದೂ ಹದಿನೈದು ತಿಂಗಳು ಯಾಕೆ ಸುಮ್ಮನಿದ್ರಿ?"

"ಹೇಳಬೇಕು ಅನಿಸಿರಲಿಲ್ರಿ. ಕಾರ್ಖಾನಿಯವರು ಹಾಕಿಕೊಟ್ಟ ಸಮಾಧಾನ ಮನ್ಯಾಗಿತ್ತು."

"ಈಗ ಅನಿಸಿತೋ?"

"ಈಗೂ ಅನಿಸಿಲ್ಲ," ಎಂದಳು ಮಹಾನಂದಾ. "ಹೇಳಬೇಕು ಅನ್ನೂದು ಗೊತ್ತೈತ್ರಿ. ಅದಕ್ಕ ಹೇಳಾಕತ್ತೀನಿ."

ವಿಚಾರಣಾಧಿಕಾರಿ ಬರೆಯುವುದನ್ನು ನಿಲ್ಲಿಸಿ ಅವಳನ್ನು ನೋಡಿದರು. ಆಮೇಲೆ ಆ ಮಾತನ್ನೂ ಬರೆದುಕೊಂಡರು. ಉಳಿದ ಹತ್ತು ಮನೆಗಳಿಗೆ ನೋಟೀಸು ಕಳಿಸುವ ಬದಲು, ಸಮಾಧಾನ ತೆಗೆಸುವ ಏರ್ಪಾಡಿನೊಂದಿಗೆ ತಾವೇ ಹೋಗುವುದಾಗಿ ಹೇಳಿ ವಿಚಾರಣೆಯನ್ನು ಮುಂದಿನ ತಿಂಗಳಿಗೆ ಹಾಕಿದರು.

ಹೊರಗೆ ಬಂದಾಗ ಸಂಜೆ ನಾಲ್ಕಾಗಿತ್ತು. ಬಸ್ಸಿನಲ್ಲಿ ಮೂವರಿಗೂ ಒಂದೇ ಸೀಟು ಸಿಕ್ಕಿತು. ತನುಜಾ ಕಿಟಕಿಗೆ ಹಣೆ ಹಚ್ಚಿ ಕುಳಿತಳು. ಅತ್ತು ಅತ್ತು ನಿಂಬೆವ್ವನ ಕಣ್ಣು ಬಾತಿದ್ದವು. ಸೀರೆಯ ಸೆರಗಿನಿಂದ ಮೂಗು ಒರೆಸಿಕೊಂಡು ಹೊರಗೆ ಕಬ್ಬಿನ ಗದ್ದೆ ನೋಡುತ್ತಿದ್ದಳು. ಮಹಾನಂದಾ ಎದುರು ಸೀಟಿನ ಕಂಬಿ ನೋಡುತ್ತಿದ್ದಳು. ಕೆಲಸವೊಂದು ಮುಗಿಯಿತು ಎಂಬುದಷ್ಟೇ ಅವಳ ತಲೆಯಲ್ಲಿತ್ತು.

ಕಂಡಕ್ಟರ್ ಬಂದ. "ಎಲ್ಲಿಗ್ರಿ?"

"ಕಬ್ಬಿನಹಾಳ," ಎಂದಳು ನಿಂಬೆವ್ವ, ಗದ್ದೆಯಿಂದ ಕಣ್ಣು ತೆಗೆಯದೆ, ಹಳೆಯ ರೂಢಿಯಂತೆ. "ಮೂರೂವರಿ ಕೊಡಪಾ."

ಕಂಡಕ್ಟರ್ ಸೀಟು ನೋಡಿದ, ಹಿಂದೆ ನೋಡಿದ, ಮುಂದೆ ನೋಡಿದ. "ನೀವಿಬ್ರು, ಒಂದು ಹುಡುಗಿ. ಎರಡೂವರಿ ಆತಲ್ರೀ ಆಯಿ. ಇನ್ನೊಬ್ರು ಎಲ್ಲಿ ಕುಂತಾರ?"

ನಿಂಬೆವ್ವ ತಿರುಗಿ ಸೊಸೆಯ ಮುಖ ನೋಡಿದಳು.

"ಎಲ್ಲಿ ಅದಾರಂತ ಹೇಳ್ರೀ ಅಕ್ಕಾರ," ಎಂದ ಕಂಡಕ್ಟರ್, ಮಹಾನಂದಾಳ ಕಡೆ ಬಗ್ಗಿ.

ಮಹಾನಂದಾ ಹೇಳಲು ಬಾಯಿ ತೆರೆದಳು. ಎರಡೂವರೆ ಎಂದರೆ ಸಾಕಿತ್ತು. ಗಂಟಲಿನಿಂದ ಒಂದು ಸದ್ದು ಬಂತು, ಅದು ಎರಡೂ ಆಗಲಿಲ್ಲ, ಮೂರೂ ಆಗಲಿಲ್ಲ. ಅವಳು ಎರಡೂ ಕೈಯಿಂದ ಎದುರಿನ ಕಂಬಿಯನ್ನು ಹಿಡಿದುಕೊಂಡಳು.

ಬಸ್ಸಿನ ಗದ್ದಲದಲ್ಲಿ ಕಂಡಕ್ಟರನಿಗೆ ಸರಿಯಾಗಿ ಕೇಳಿಸಲಿಲ್ಲ. "ಏನಂದ್ರಿ?" ಎಂದ ಅವನು.